ಪಕ್ಕದ ಮನೆಗೆ ಹೋದ ಪೊಟ್ಟಣ

ಬೆಳಿಗ್ಗೆ ಹನ್ನೊಂದು ಗಂಟೆಗೆ ಪೊಟ್ಟಣ ಪಕ್ಕದ ಮನೆಗೆ ಹೋಯಿತು. ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ ವಿಳಾಸದಾರರು ಸಿಗದೆ ವಾಪಸು ಬಂದದ್ದು ಅದು. ಕಳಿಸಿದವಳು ಹಿಸ್ಕೆ. ಹಿಸ್ಕೆ ಮನೆಯಲ್ಲಿರಲಿಲ್ಲವಾದ್ದರಿಂದ ಅಂಚೆ ವ್ಯಾನಿನವಳು ವಾಡಿಕೆಯಂತೆ ಅದನ್ನು ಪಕ್ಕದ ಮನೆಯ ಅಜ್ಜಿ ವೀಪಿಯವರ ಕೈಗೆ ಕೊಟ್ಟು, ಹಿಸ್ಕೆಯ ಬಾಗಿಲಿನ ಸೀಳಿನಲ್ಲಿ ಒಂದು ಚೀಟಿ ತೂರಿಸಿ ಹೋಗಿದ್ದಳು. ತಮ್ಮೂರು ಹಾರ್ಲಿಂಗನ್‌ನ ಬಂದರಿನ ಆಚೆ, ಸಮುದ್ರದ ಇಳಿತಕ್ಕೆ ಹೊರಬಿದ್ದ ಕೆಸರಿನ ಫೋಟೋ ತೆಗೆಯುತ್ತ ಬೆಳಗೆಲ್ಲ ನಿಂತು, ಬೂಟಿನ ತುಂಬ ಬೂದುಬಣ್ಣ ಮೆತ್ತಿಕೊಂಡು ಬಂದ ಹಿಸ್ಕೆ ಚಾಪೆಯ ಮೇಲಿಂದ ಚೀಟಿ ಎತ್ತಿಕೊಂಡಳು. ಪೊಟ್ಟಣ ಪಕ್ಕದ ಮನೆಯಲ್ಲಿದೆ ಎಂದು ಬರೆದ ಸಾಲಿನ ಮುಂದೆ ವ್ಯಾನಿನವಳು ಒಂದು ನಗುಮುಖವನ್ನೂ ಬಿಡಿಸಿದ್ದಳು.

ಯಾವ ಪೊಟ್ಟಣ ಎಂದು ತಿಳಿಯಲು ಅವಳು ಯೋಚಿಸಬೇಕಾಗಿರಲಿಲ್ಲ. ಗ್ರಾಟ್ಸ್‌ಗೆ ಅವಳು ತನ್ನ ಆನ್‌ಲೈನ್ ಅಂಗಡಿಯಿಂದ ಕಳಿಸಿದ್ದು ಒಂದೇ ಫೋಟೋ. ಬೂಟು ಬಿಚ್ಚಲೆಂದು ಮೆಟ್ಟಿಲ ಮೇಲೆ ಕೂತವಳು ಒಂದೇ ಬೂಟು ಬಿಚ್ಚಿ ಹಾಗೇ ಉಳಿದಳು. ವೀಪಿ ಇನ್ನೊಬ್ಬರ ಅಂಚೆ ಒಡೆಯುವವರಲ್ಲ. ಬೇರೆ ಯಾರದೇ ಅಂಗಡಿಯ ಪೊಟ್ಟಣವಾಗಿದ್ದರೆ ಹೆದರಲು ಕಾರಣವಿರಲಿಲ್ಲ. ಆದರೆ ಹಿಸ್ಕೆಯ ಪೊಟ್ಟಣಗಳ ಹೊರಗೆ, ವಿಳಾಸದ ಎಡಕ್ಕೆ, ಒಳಗಿರುವ ಚಿತ್ರದ್ದೇ ಬೆಂಕಿಪೊಟ್ಟಣದಷ್ಟಗಲದ ಒಂದು ಪ್ರತಿ ಅಂಟಿಸಿರುತ್ತದೆ. ಹಿಂದೊಮ್ಮೆ ಗಾಳಿಗಿರಣಿಯ ಚಿತ್ರ ಕೇಳಿದ್ದ ಗೆಂಟ್‌ನ ದಂತವೈದ್ಯನಿಗೆ ಮರಳದಿಬ್ಬದ ಮೇಲೆ ಮಲಗಿದ ಸೀಲ್ ಹೋಗಿ, ಸೀಲ್ ಕೇಳಿದ್ದ ಶಾಲೆಗೆ ಗಿರಣಿ ಹೋಗಿ, ಎರಡೂ ಕಡೆಯಿಂದ ಬೈಗುಳ ಬಂದಿತ್ತು. ಅಂದಿನಿಂದ ಈ ಪದ್ಧತಿ. ಕಟ್ಟುವಾಗ ಗೊಂದಲವಿಲ್ಲ, ನೋಡಲೂ ಚೆಂದ. ಕೆಲವು ಗಿರಾಕಿಗಳು ಅದನ್ನೇ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇವೆಂದು ಬರೆದಿದ್ದರು. ತಾನು ಜಾಣತನದಿಂದ ಮಾಡಿದ್ದು ಎಂದು ಅವಳು ಅಂದುಕೊಂಡಿದ್ದ ಕೆಲವೇ ಕೆಲಸಗಳಲ್ಲಿ ಅದೊಂದು. ಈಗ ಆ ಬೆಂಕಿಪೊಟ್ಟಣದಗಲದ ಚಿತ್ರ ವೀಪಿಯವರ ಮನೆಯಲ್ಲಿತ್ತು. ಚಿತ್ರದಲ್ಲಿ ಇದ್ದದ್ದು ವೀಪಿಯವರ ಮನೆ.

ಅಷ್ಟು ಸಣ್ಣದು ಅವರಿಗೆ ಕಾಣಿಸಲಿಕ್ಕಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಎಂಬತ್ತು ದಾಟಿದ ಕಣ್ಣು. ಆಮೇಲೆ ನೆನಪಾಯಿತು: ಶರತ್ಕಾಲದಲ್ಲಿ ಆ ಕಣ್ಣುಗಳ ಪೊರೆ ತೆಗೆಸಲು ಅವರನ್ನು ಲೇವಾರ್ಡನ್‌ನ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದವಳು ತಾನೇ. ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ದಿನ ವೀಪಿ ಹಿತ್ತಲಿನಲ್ಲಿ ನಿಂತು, ‘ಅಯ್ಯೋ, ನಿನ್ನ ಗೋಡೆ ಇಷ್ಟು ಕೊಳಕಾಗಿತ್ತಾ ಹಿಸ್ಕೆ? ಇಷ್ಟು ದಿನ ಚೆಂದದ ಬಣ್ಣ ಅಂದ್ಕೊಂಡಿದ್ದೆ’ ಎಂದಿದ್ದರು. ಕಾಣಿಸುತ್ತದೆ. ಚೆನ್ನಾಗಿಯೇ ಕಾಣಿಸುತ್ತದೆ. ಹಿಸ್ಕೆ ಎರಡನೇ ಬೂಟು ಬಿಚ್ಚಿ, ಅಟ್ಟದ ಮೇಲಿನ ಕೆಲಸದ ಕೋಣೆಗೆ ಹೋಗಿ, ನಿನ್ನೆಯೇ ತೊಳೆದಿಟ್ಟ ಕುಂಚಗಳನ್ನು ಮತ್ತೆ ತೊಳೆಯತೊಡಗಿದಳು.

ಗೋಡೆಗೆ ಒರಗಿಸಿದ್ದ ಕ್ಯಾನ್ವಾಸುಗಳೆಲ್ಲ ಕೆಸರು. ಹತ್ತು ವರ್ಷದಿಂದ ಅವಳು ಬಿಡಿಸುತ್ತಿರುವುದು ಅದನ್ನೇ: ನೀರು ಹಿಂದೆ ಸರಿದಾಗ ಹೊಳೆಯುವ ಕೆಸರು, ನೀರು ಮರಳುವ ಮೊದಲಿನ ಕೆಸರು, ಮೋಡದ ಕೆಳಗಿನ ಕೆಸರು. ಆ ಬೂದುಬಣ್ಣದೊಳಗೆ ಎಷ್ಟು ಬಣ್ಣಗಳಿವೆ ಎಂದು ಅವಳಷ್ಟು ತಿಳಿದವರು ಈ ಕರಾವಳಿಯಲ್ಲಿ ಇರಲಿಕ್ಕಿಲ್ಲ. ಆದರೆ ಆನ್‌ಲೈನ್ ಅಂಗಡಿಯಲ್ಲಿ ಮೂಲ ಚಿತ್ರಗಳ ಪುಟಕ್ಕೆ ಬಂದವರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫೋಟೋ ಪ್ರತಿಗಳ ಪುಟಕ್ಕೆ ಹೋಗುತ್ತಾರೆ, ಅಲ್ಲಿ ಸೀಲ್, ಗಿರಣಿ, ಹಡಗು ದಾಟಿ, ‘ಕಿಟಕಿ, ಸಂಜೆ’ ಎಂಬ ಫೋಟೋದ ಮುಂದೆ ನಿಲ್ಲುತ್ತಾರೆ. ಬಾಡಿಗೆ ಕಟ್ಟುವುದು ಆ ಫೋಟೋ. ಕೆಸರಿಗೆ ಬಣ್ಣ ಕೊಳ್ಳುವುದೂ ಆ ಫೋಟೋ. ಅದರಲ್ಲಿ ಹಳದಿ ದೀಪದ ಕೆಳಗೆ ಒಬ್ಬ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ, ನೆಲದ ಮೇಲೆ ದಿನಪತ್ರಿಕೆ ಹಾಸಿದೆ, ಮುದುಕಿ ಮೊಣಕಾಲೂರಿ ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಾಳೆ. ಮುದುಕ ಅವಳ ನೆತ್ತಿಯನ್ನು ನೋಡುತ್ತಿದ್ದಾನೆ. ಕಿಟಕಿಯ ಕಟ್ಟೆಯ ಮೇಲೆ ಜೋಡಿ ಹೂದಾನಿ, ನಡುವೆ ಆರ್ಕಿಡ್. ‘ಇದನ್ನು ನೋಡಿದ ಮೇಲೆ ನನ್ನ ಗಂಡನಿಗೆ ಫೋನ್ ಮಾಡಿದೆ’ ಎಂದು ಆಂಟ್‌ವರ್ಪ್‌ನ ಒಬ್ಬಳು ಬರೆದಿದ್ದಳು.

ಕಳೆದ ವರ್ಷದ ಜನವರಿ. ಬಂದರಿನಿಂದ ಮನೆಗೆ ಬರುವಾಗಲೇ ಕತ್ತಲಾಗಿತ್ತು. ಬೀದಿಯ ಕಿಟಕಿಗಳೆಲ್ಲ ಎಂದಿನಂತೆ ಬೆಳಗಿ, ತೆರೆದು, ಒಂದಕ್ಕೂ ಪರದೆಯಿಲ್ಲದೆ ನಿಂತಿದ್ದವು. ಇಂಥ ಬೀದಿಯಲ್ಲಿ ನಡೆಯುವುದನ್ನು ಅವ್ವ ಕಲಿಸಿದ್ದಳು. ಐದು ವರ್ಷದ ಹಿಸ್ಕೆ ಯಾರದೋ ಮನೆಯ ಊಟದ ಮೇಜನ್ನು ನೋಡುತ್ತ ನಿಂತಾಗ ಅವ್ವ ಅವಳ ಗಲ್ಲ ಹಿಡಿದು ತಿರುಗಿಸಿ, ‘ಅವರು ತೆರೆದಿಡೋದು ಅವರ ಮರ್ಯಾದೆ. ನಾವು ನೋಡದೆ ಹೋಗೋದು ನಮ್ಮ ಮರ್ಯಾದೆ’ ಎಂದಿದ್ದಳು. ನಲವತ್ತು ವರ್ಷ ಹಿಸ್ಕೆ ನೋಡದೆ ನಡೆದಿದ್ದಳು. ಆ ಸಂಜೆ ಎದುರು ಬದಿಯ ಕಾಲುಹಾದಿಯಲ್ಲಿ ಚೀಲದ ಪಟ್ಟಿ ಸರಿಮಾಡಿಕೊಳ್ಳಲು ನಿಂತಳು, ವೀಪಿಯವರ ಕಿಟಕಿಯತ್ತ ಕತ್ತೆತ್ತಿದಳು, ಮತ್ತೆ ಕತ್ತು ತಿರುಗಿಸಲಾಗಲಿಲ್ಲ. ಕೈ ತಾನಾಗಿ ಕ್ಯಾಮೆರಾ ಹೊರತೆಗೆಯಿತು ಎಂದು ಅವಳು ಆಮೇಲೆ ಹೇಳಿಕೊಂಡದ್ದುಂಟು. ಅದು ನಿಜವಲ್ಲ. ಕೈ ತಾನಾಗಿ ಏನನ್ನೂ ತೆಗೆಯುವುದಿಲ್ಲ. ಅವಳು ಲೆನ್ಸ್ ಬದಲಾಯಿಸಿದ್ದಳು. ಅದಕ್ಕೆ ಮೊದಲು ಆ ಕೋಣೆಯಲ್ಲಿ ನಡೆದದ್ದನ್ನೂ ನೋಡಿದ್ದಳು, ಮತ್ತು ಅದರ ಬಗ್ಗೆ ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಮೊದಲು ಆ ಫೋಟೋವನ್ನು ಬರೀ ಪೇಂಟಿಂಗಿಗೆ ಮಾದರಿ ಎಂದು ಇಟ್ಟುಕೊಂಡಳು. ಆಮೇಲೆ ಏನೂ ಮಾರಾಟವಾಗದ ಒಂದು ವಾರ ಅಂಗಡಿಗೆ ಹಾಕಿದಳು. ಮುಖ ಪೂರ್ತಿ ಕಾಣುವುದಿಲ್ಲ, ಬೀದಿಯ ಹೆಸರಿಲ್ಲ, ಊರ ಹೆಸರಿಲ್ಲ. ವೀಪಿಯವರ ಬಳಿ ರೇಡಿಯೋ ಇದೆ, ಪತ್ರಿಕೆ ಇದೆ, ಕಂಪ್ಯೂಟರ್ ಇಲ್ಲ. ಬೀದಿಯವರಲ್ಲಿ ಕೆಲವರು ಅವಳ ಅಂಗಡಿ ನೋಡಿರಬೇಕು. ಎದುರು ಮನೆಯ ದಂಪತಿಗಳಂತೂ ಖಂಡಿತ ನೋಡಿದ್ದರು, ಸೀಲ್ ಕೊಂಡಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅದು ಯಾರ ಕೋಣೆ ಎಂದು ಗುರುತಿಸಿದೆವೆಂದರೆ ತಾವೂ ಒಳಗೆ ನೋಡಿದ್ದೇವೆಂದು ಒಪ್ಪಿಕೊಂಡಂತೆ. ಹೀಗೆ ಎಲ್ಲರ ಮರ್ಯಾದೆಯ ನೆರಳಿನಲ್ಲಿ ಅವಳ ತಪ್ಪು ಸುಖವಾಗಿ ಬೆಳೆಯಿತು. ಏಪ್ರಿಲ್‌ನಲ್ಲಿ ವೀಪಿಯವರ ಗಂಡ ಹೋತ್ಸೆ ತೀರಿಕೊಂಡರು. ಮಣ್ಣಾದ ಮೇಲೆ ಸಭಾಂಗಣದಲ್ಲಿ ಕಾಫಿ, ಕೇಕು. ಹಿಸ್ಕೆ ವೀಪಿಯವರ ಕೈ ಹಿಡಿದು ನಿಂತಿರುವಾಗಲೇ ಅವಳ ಕೋಟಿನ ಜೇಬಿನಲ್ಲಿ ಫೋನು ಗಂಟೆ ಬಾರಿಸಿತು, ಅಂಗಡಿಯಲ್ಲಿ ಏನಾದರೂ ಮಾರಾಟವಾದಾಗ ಬಾರಿಸುವ ಗಂಟೆ. ವೀಪಿಗೆ ಆ ಸದ್ದು ಗೊತ್ತಿತ್ತು. ಕಪ್ಪು ಉಡುಪಿನಲ್ಲಿ, ಅತ್ತು ಕೆಂಪಾದ ಮೂಗಿನೊಂದಿಗೆ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದ್ದರು: ‘ನೋಡಿ, ನಮ್ಮ ಹುಡುಗಿಯ ಚಿತ್ರ ಯಾರೋ ಕೊಂಡ್ಕೊಂಡ್ರು! ಹೋತ್ಸೆ ಇದ್ದಿದ್ರೆ ಯಾವ್ದು ಹೋಯ್ತು ಅಂತ ಕೇಳ್ತಿದ್ದ.’ ಯಾವುದು ಹೋಯಿತೆಂದು ಹಿಸ್ಕೆ ಶೌಚಾಲಯದೊಳಗೆ ಬಾಗಿಲು ಹಾಕಿಕೊಂಡು ನೋಡಿದಳು. ಹೋತ್ಸೆಯೇ ಹೋಗಿದ್ದರು, ಝೂರಿಕ್‌ಗೆ.

ಮೂರು ಗಂಟೆಗೆ, ಇನ್ನು ತಡಮಾಡಿದರೆ ಅದೇ ಒಂದು ಉತ್ತರವಾಗುತ್ತದೆ ಎನ್ನಿಸಿ, ಅವಳು ಕೋಟು ಹಾಕಿಕೊಂಡಳು. ಪಕ್ಕದ ಮನೆಗೆ ಯಾರೂ ಕೋಟು ಹಾಕಿಕೊಂಡು ಹೋಗುವುದಿಲ್ಲ. ಹೋಗಿ ಮುಂಬಾಗಿಲಿನ ಗಂಟೆ ಒತ್ತಿದಳು. ಒತ್ತಿದ ಮೇಲೆ ಅರಿವಾಯಿತು: ಇಷ್ಟು ವರ್ಷದಲ್ಲಿ ಈ ಗಂಟೆಯನ್ನು ತಾನು ಎಂದೂ ಒತ್ತಿಲ್ಲ.

ಬಾಗಿಲು ತೆರೆಯಿತು. ವೀಪಿ ಏಪ್ರನ್ನಿನಲ್ಲಿ ನಿಂತಿದ್ದರು, ಕುಳ್ಳಗೆ, ನೆಟ್ಟಗೆ.

‘ಯಾರು ಸತ್ರು?’

‘ಯಾರೂ ಇಲ್ಲ. ಪೊಟ್ಟಣ...’

‘ಯಾರೂ ಸತ್ತಿಲ್ಲ ಅಂದ್ಮೇಲೆ ಇಲ್ಲಿ ಯಾಕೆ ನಿಂತಿದ್ದೀಯ? ಈ ಬಾಗಿಲು ಪಾದ್ರಿಗೆ, ಅಂಚೆಯವರಿಗೆ, ಮತ ಕೇಳೋಕೆ ಬರೋರಿಗೆ. ಹಿಂದಿನಿಂದ ಬಾ.’ ಬಾಗಿಲು ಮುಚ್ಚಿತು.

ಹಿಂದಿನಿಂದ ಬರುವುದೆಂದರೆ ಸಾಲುಮನೆಗಳ ತುದಿಯವರೆಗೆ ನಡೆದು, ಹಿತ್ತಲುಗಳ ನಡುವಿನ ಓಣಿ ಹಿಡಿದು, ಸೈಕಲ್ಲುಗಳನ್ನೂ ಕಸದ ಡಬ್ಬಿಗಳನ್ನೂ ದಾಟಿ ವಾಪಸು ಬರುವುದು. ಹಿಸ್ಕೆ ನಡೆದಳು. ಓಣಿಯಲ್ಲಿ ಯಾರದೋ ಬಟ್ಟೆ ಒಣಗುತ್ತಿತ್ತು. ಬೈದಿದ್ದರೆ ಒಳ್ಳೆಯದಿತ್ತು. ಅವರ ದನಿ ಎಂದಿನಂತೆಯೇ ಇತ್ತು, ಹಾಗಾದರೆ ನೋಡಿಲ್ಲ. ಅಥವಾ ನೋಡಿಯೂ ಎಂದಿನಂತೆ ಮಾತಾಡಲು ಅವರಿಗೆ ಬರುತ್ತದೆ, ಹೋತ್ಸೆಯವರ ಕೊನೆಯ ಚಳಿಗಾಲವಿಡೀ ಹಾಗೇ ಮಾತಾಡಿದವರಲ್ಲವೆ. ಹೋತ್ಸೆ ಹೇಗಿದ್ದಾರೆ ಎಂದು ಬೇಲಿಯ ಮೇಲಿಂದ ಕೇಳಿದಾಗೆಲ್ಲ ‘ಪರವಾಗಿಲ್ಲ, ಹೋಗ್ತಾ ಇದೆ’ ಎಂದಷ್ಟೇ ಹೇಳುತ್ತಿದ್ದರು. ಹಿಸ್ಕೆಯೂ ‘ಒಳ್ಳೇದು’ ಎಂದು ಒಳಗೆ ಹೋಗುತ್ತಿದ್ದಳು. ಒಳಗೆ ಹೋಗಿ ಕೆಸರು ಬಿಡಿಸುತ್ತಿದ್ದಳು. ಹಿತ್ತಲ ಗೇಟಿನ ಚಿಲಕ ತೆಗೆಯುವಾಗ ತನ್ನ ಬೆರಳುಗಳಲ್ಲಿ ಟರ್ಪಂಟೈನ್ ವಾಸನೆ ಇದೆಯೆಂದು ಅವಳಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು, ಅದೇ ದೊಡ್ಡ ತಪ್ಪೆಂಬಂತೆ.

ಪೊಟ್ಟಣ ಹೋತ್ಸೆಯವರ ಕುರ್ಚಿಯಲ್ಲಿ ನೆಟ್ಟಗೆ ಕೂತಿತ್ತು. ಪದಬಂಧ ಬಿಡಿಸುವ ಭೂತಗನ್ನಡಿ ಕುರ್ಚಿಯ ಕೈಮೇಲಿತ್ತು. ಹಿಸ್ಕೆ ಎರಡನ್ನೂ ನೋಡಿದಳು. ವೀಪಿ ಚಹಾ ಬಸಿದರು, ಡಬ್ಬಿ ತೆರೆದು ಅವಳ ತಟ್ಟೆಗೆ ಒಂದು ಬಿಸ್ಕತ್ತು ಇಟ್ಟರು, ಡಬ್ಬಿ ಮುಚ್ಚಿದರು.

‘ಕೂತ್ಕೊಳ್ಳಿ, ಪಕ್ಕದ್ಮನೆಯವ್ರೇ.’

ಬಾಗಿಲಲ್ಲಿ ‘ಬಾ’ ಎಂದವರು ಈಗ ‘ನೀವು’ ಎನ್ನುತ್ತಿದ್ದರು; ಹಿಸ್ಕೆ ಕೋಟು ಬಿಚ್ಚದೆಯೇ ಕೂತಳು.

‘ಅದು ಹೋತ್ಸೆ ಕಾಲು’ ಎಂದರು ವೀಪಿ.

‘ಹೌದು.’

‘ನಾನು ಮೊದಲು ನನ್ನ ಹೂದಾನಿ ನೋಡ್ದೆ. ಯಾರ ಮನೇಲೋ ನನ್ನಂಥದ್ದೇ ಹೂದಾನಿ ಇದೆಯಲ್ಲ ಅಂದ್ಕೊಂಡೆ. ಆಮೇಲೆ ಈ ಹೆಂಗಸು ಯಾರು, ಇಷ್ಟು ದೊಡ್ಡ ಹಿಂಭಾಗ ಅಂತ ನಗು ಬಂತು.’ ಅವರು ನಗಲಿಲ್ಲ. ‘ಇದನ್ನ ಮಾರ್ತೀರ?’

‘ಮಾರ್ತೀನಿ. ಇವತ್ತೇ ತೆಗೆದುಬಿಡ್ತೀನಿ ವೀಪಿ. ಈಗಲೇ, ಇಲ್ಲೇ, ಫೋನಲ್ಲೇ...’

‘ಎಲ್ಲಿಂದ ತೆಗೀತೀರ? ಈಗಾಗಲೇ ಯಾರ್ಯಾರ ಮನೆ ಗೋಡೆ ಮೇಲಿದಾನೆ ಅವನು?’

ಹಿಸ್ಕೆ ಹೇಳಿದಳು. ಝೂರಿಕ್. ಆಂಟ್‌ವರ್ಪ್. ಗೆಂಟ್‌ನ ಆ ದಂತವೈದ್ಯನ ಕಾಯುವ ಕೋಣೆ. ಲಿಯಾನ್. ಇನ್ನೂ ಹಲವು ಊರು. ನಾರ್ವೆಯ ಬರ್ಗನ್‌ನಲ್ಲಿ ಇಬ್ಬರು.

‘ಬರ್ಗನ್!’ ವೀಪಿ ಕಪ್ಪು ಕೆಳಗಿಟ್ಟರು. ‘ಆ ಮನುಷ್ಯ ಮೂವತ್ತು ವರ್ಷ ಸೇತುವೆ ಎತ್ತಿ ಇಳಿಸಿ ಊರಿನ ಹಡಗನ್ನೆಲ್ಲ ಸಮುದ್ರಕ್ಕೆ ಕಳಿಸ್ದ. ತಾನು ಮಾತ್ರ ಹಡಗು ಹತ್ತಿದ್ರೆ ವಾಂತಿ. ಮದುವೆ ಆದ್ಮೇಲೆ ಟೆಕ್ಸೆಲ್ ದ್ವೀಪಕ್ಕೆ ಕರ್ಕೊಂಡು ಹೋಗು ಅಂದೆ. ಹಡಗು ನೋಡಿ ದಡದಲ್ಲೇ ಮುಖ ಹಸಿರು ಮಾಡ್ಕೊಂಡು ನಿಂತ. ಈಗ ನೋಡಿದ್ರೆ ಬರ್ಗನ್‌ನಲ್ಲಿದಾನಂತೆ.’ ಅವರ ಕಣ್ಣಿನ ಮೂಲೆಯಲ್ಲಿ ಏನೋ ಸಡಿಲವಾಯಿತು, ಇದು ಇಲ್ಲಿಗೆ ಮುಗಿಯಿತು ಎಂದು ಹಿಸ್ಕೆಗೆ ಅನ್ನಿಸಿತು. ಆಗಲೇ ಅವರು ಕೇಳಿದರು.

‘ಅವತ್ತು ಅವನು ನನಗೆ ಒದ್ದ. ಇಲ್ಲಿ, ಎದೆಗೆ. ನಾನು ಹಿಂದಕ್ಕೆ ಬಿದ್ದೆ. ಅದನ್ನ ನೋಡಿದ್ಯಾ?’

ಮತ್ತೆ ‘ನೀನು’ ಆಗಿತ್ತು. ಹಿಸ್ಕೆಯ ಎದುರು ಕಿಟಕಿ ಇತ್ತು, ಈ ಬದಿಯಿಂದ. ಜೋಡಿ ಹೂದಾನಿಗಳ ನಡುವೆ ಎದುರಿನ ಕಾಲುಹಾದಿ, ತಾನು ನಿಂತಿದ್ದ ಜಾಗ, ಎಷ್ಟು ಹತ್ತಿರ. ಇಲ್ಲಿಂದ ನೋಡಿದರೆ ಅಷ್ಟು ಹತ್ತಿರ ನಿಂತವರು ಕೋಣೆಯೊಳಗೇ ನಿಂತಂತೆ. ಇಲ್ಲ ಎನ್ನಬಹುದಿತ್ತು. ತಾನು ಬಂದಾಗ ಎಲ್ಲ ಶಾಂತವಾಗಿತ್ತು ಎನ್ನಬಹುದಿತ್ತು. ಫೋಟೋ ಅದಕ್ಕೆ ಸಾಕ್ಷಿ ಹೇಳುತ್ತಿತ್ತು, ಝೂರಿಕ್, ಬರ್ಗನ್ ಎಲ್ಲ ಸಾಕ್ಷಿ ಹೇಳುತ್ತಿದ್ದವು. ಆ ಫೋಟೋದಲ್ಲಿ ಜನ ಕೊಂಡದ್ದು ಆ ಶಾಂತಿಯನ್ನೇ.

‘ನೋಡಿದೆ’ ಎಂದಳು.

‘ಆಮೇಲೆ?’

‘ನಿಂತಿದ್ದೆ.’

‘ಏನಕ್ಕೆ?’

‘ನೀವು ಎದ್ದು ಮತ್ತೆ ಅವರ ಕಾಲನ್ನ ತೊಡೆ ಮೇಲೆ ಇಟ್ಕೊಳ್ಳಲಿ ಅಂತ. ಇಟ್ಕೊಳ್ತೀರ ಅಂತ ಗೊತ್ತಿತ್ತು. ಲೆನ್ಸ್ ಬದಲಾಯಿಸ್ಕೊಂಡು ಕಾದೆ.’

ಹೊರಗೆ ಒಂದು ಸೈಕಲ್ ಹೋಯಿತು. ಅದರ ಮೇಲಿದ್ದ ಹೆಂಗಸು ನೇರ ಮುಂದೆ ನೋಡಿಕೊಂಡು ಹೋದಳು.

‘ನೋಡಿದ್ಯಾ ಅವಳನ್ನ?’ ಎಂದರು ವೀಪಿ. ‘ಹೀಗೇ. ಇಡೀ ಚಳಿಗಾಲ ಹೀಗೇ. ಅವನು ಕೂಗಾಡ್ತಿದ್ದ, ಪ್ಯಾಂಟು ಒದ್ದೆ ಮಾಡ್ಕೊಳ್ತಿದ್ದ, ನನ್ನನ್ನ ತನ್ನ ಅವ್ವ ಅಂದ್ಕೊಂಡು ಅಳ್ತಿದ್ದ. ಎಲ್ಲ ಈ ದೀಪದ ಕೆಳಗೆ. ಬೀದೀಲಿ ಒಬ್ರೂ ಕತ್ತು ತಿರುಗಿಸ್ಲಿಲ್ಲ. ಎಂಥ ಒಳ್ಳೇ ಜನ ಅಂತ ನಾನೂ ಅಂದ್ಕೊಂಡೆ. ಹೋತ್ಸೆನ ಆ ಸ್ಥಿತೀಲಿ ನೋಡಿದವಳು ನಾನೊಬ್ಳೇ, ಅದು ನನ್ನ ಜೊತೇಲೇ ಹೋಗ್ಲಿ ಅಂದ್ಕೊಂಡಿದ್ದೆ. ಕೆಲವು ದಿನ ಯಾರಾದ್ರೂ ನೋಡ್ಲಿ ದೇವರೇ ಅಂತಲೂ ಅನ್ಸ್ತಿತ್ತು. ಒಬ್ರಾದ್ರೂ. ನೀನು ನೋಡ್ತಿದ್ದೆ. ರಸ್ತೆ ದಾಟಿ ಬಂದು ಅವನ ಇನ್ನೊಂದು ಕಾಲು ಹಿಡ್ಕೊಂಡಿದ್ರೆ ಆಗ್ತಿತ್ತು ಹಿಸ್ಕೆ. ಹಿಡಿಯೋಕೆ ಒಂದು ಕೈ ಕಡಿಮೆ ಇತ್ತು, ಅಷ್ಟೇ.’

ಹಿಸ್ಕೆಗೆ ಅಳು ಬಂತು. ಅಳಬಾರದು, ಅತ್ತರೆ ಅವರು ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದು ಇನ್ನೊಂದು ಕಳ್ಳತನವಾಗುತ್ತದೆ ಎಂದುಕೊಂಡು ಬಿಸ್ಕತ್ತು ಕಚ್ಚಿದಳು. ಅದು ಬಾಯೊಳಗೆ ಮರಳಿನಂತೆ ಉಳಿಯಿತು. ಬೀದಿಯ ಮರ್ಯಾದೆಯ ಮಾತು, ಅವ್ವ ಹೇಳಿದ್ದು, ನಾಲಿಗೆಯ ತುದಿಗೆ ಬಂತು. ಆ ಮರ್ಯಾದೆ ಕಾಪಾಡಿದ್ದು ಯಾರನ್ನು ಎಂದು ಈ ಕೋಣೆಯಲ್ಲಿ ಕೂತು ಕೇಳಿಕೊಂಡರೆ ಉತ್ತರ ಚೆನ್ನಾಗಿರಲಿಲ್ಲ. ಅದನ್ನು ಮುರಿಯಬೇಕಾಗಿದ್ದ ಸಂಜೆ ಅವಳು ಅರ್ಧ ಮಾತ್ರ ಮುರಿದಿದ್ದಳು, ತನಗೆ ಬೇಕಾದ ಅರ್ಧ.

‘ಬಿಚ್ಚು ಅದನ್ನ’ ಎಂದರು ವೀಪಿ. ‘ಬೆಂಕಿಪೊಟ್ಟಣದಷ್ಟರಲ್ಲಿ ಅವನ ಮುಖ ಕಾಣಲ್ಲ.’

ಅಂಟುಪಟ್ಟಿ ಕತ್ತರಿಸಿ, ರಟ್ಟು ಸರಿಸಿ, ತೆಳು ಹಾಳೆ ಬಿಡಿಸಿ ಹಿಸ್ಕೆ ಫೋಟೋವನ್ನು ಮೇಜಿನ ಮೇಲಿಟ್ಟಳು. ವೀಪಿ ಅಂಚು ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಚಹಾ ತಣ್ಣಗಾಯಿತು.

‘ನನ್ನ ತಲೆ ನೋಡ್ತಿದಾನೆ’ ಎಂದರು ಕೊನೆಗೆ. ‘ನಾನು ಕೆಳಗೆ ನೋಡ್ತಿದ್ದೆ, ಉಗುರು. ಅವನು ಏನು ಮಾಡ್ತಿದ್ದ ಅಂತ ನನಗೆ ಹೇಗೆ ಗೊತ್ತಾಗ್ಬೇಕು.’ ಆಮೇಲೆ ನೆಟ್ಟಗಾಗಿ, ಸೊಂಟ ಹಿಡಿದುಕೊಂಡು, ‘ಒದ್ದವನ ಮುಖ ಅಲ್ಲ ಅದು. ಪೆದ್ದ’ ಎಂದರು.

‘ಇದನ್ನ ನೀವೇ ಇಟ್ಕೊಳ್ಳಿ.’

‘ಯಾಕೆ? ಗ್ರಾಟ್ಸ್‌ನವರು ದುಡ್ಡು ಕೊಟ್ಟಿಲ್ವಾ? ಮನೆ ನಂಬರು ಸರಿಯಾಗಿ ಕೇಳಿ ಅವರಿಗೆ ಕಳಿಸು. ಕೊಟ್ಟ ಮಾತು ಕೊಟ್ಟ ಮಾತು. ಅದಾದ್ಮೇಲೆ ಸಾಕು, ಇನ್ನೊಬ್ರಿಗೆ ಬೇಡ. ನನಗೆ ಬೇರೆ ಒಂದು ಮಾಡ್ಕೊಡು, ಸಣ್ಣದು. ಮಲಗೋ ಕೋಣೇಲಿ ಇಡೋವಂಥದ್ದು. ನನ್ನ ಹಿಂಭಾಗ ಕತ್ತರಿಸಿಬಿಡು.’

‘ಕತ್ತರಿಸಿದ್ರೆ ಚಿತ್ರದ ತೂಕ...’

‘ಅದರ ತೂಕ ನನಗೆ ಗೊತ್ತು. ಕತ್ತರಿಸು.’

ಹಿಸ್ಕೆ ನಕ್ಕಳು, ನಗುವಿನ ಜೊತೆಗೆ ತಡೆದಿದ್ದದ್ದೂ ಬಂತು. ವೀಪಿ ಸಮಾಧಾನ ಮಾಡಲಿಲ್ಲ. ಏಪ್ರನ್ನಿನ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ, ಫೋಟೋದಿಂದ ಸಾಕಷ್ಟು ದೂರದಲ್ಲಿ ಇಟ್ಟರು.

‘ಚಿತ್ರದ ಮೇಲೆ ತೊಟ್ಟಿಕ್ಕಿಸ್ಬೇಡ, ಗ್ರಾಟ್ಸ್‌ನವರು ವಾಪಸು ಕಳಿಸ್ತಾರೆ. ನಾಳೆ ನಿನ್ನ ಏಣಿ ತಗೊಂಡು ಬಾ. ಗೋಡೆ ಕೊರೆಯೋ ಯಂತ್ರಾನೂ.’

‘ಯಾಕೆ?’

‘ಪರದೆ ಹಾಕೋಕೆ.’

‘ವೀಪಿ, ಬೇಡ. ನನ್ನ ದೆಸೆಯಿಂದ... ಈ ಬೀದೀಲಿ ಯಾರೂ...’

‘ಈ ಬೀದಿಗೆ ತೋರಿಸ್ಬೇಕಾದ್ದೆಲ್ಲ ತೋರಿಸಿ ಆಯ್ತು. ಅವರಿಗೆ ನೋಡದೇ ಇರೋ ಕಷ್ಟ ಯಾಕೆ ಕೊಡ್ಲಿ?’ ಅವರು ತಣ್ಣಗಾದ ಚಹಾವನ್ನು ಆರ್ಕಿಡ್ಡಿಗೆ ಸುರಿದರು. ‘ನಿನಗೆ ನೋಡ್ಬೇಕು ಅನ್ನಿಸಿದ್ರೆ ಹಿತ್ತಲ ಬಾಗಿಲು ಚಿಲಕ ಹಾಕಿರಲ್ಲ.’

ಆ ಸಂಜೆ ಹಿಸ್ಕೆ ‘ಕಿಟಕಿ, ಸಂಜೆ’ಯನ್ನು ಅಂಗಡಿಯಿಂದ ತೆಗೆದಳು. ತೆಗೆದ ಮೇಲೆ ಫೋಟೋಗಳ ಪುಟ ತೆಳ್ಳಗೆ ಕಂಡಿತು: ಸೀಲ್, ಗಿರಣಿ, ಹಡಗು. ಬಾಡಿಗೆಯ ಬಗ್ಗೆ ಯೋಚಿಸಿದಳು, ಕೆಸರು ಕೊಳ್ಳುವವರು ಯಾರು ಎಂದು ಯೋಚಿಸಿದಳು, ಯೋಚನೆ ಮುಂದೆ ಸಾಗಲಿಲ್ಲ. ಗ್ರಾಟ್ಸ್‌ನವರಿಗೆ ಬರೆದಳು. ಅವರು ನಂಬರು ತಪ್ಪಾಗಿ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಕೂಡಲೇ ಉತ್ತರಿಸಿದರು.

ಮರುದಿನ ಮಧ್ಯಾಹ್ನ ಅವಳು ಏಣಿ ಹೊತ್ತು ಓಣಿಯಿಂದ ಹೋದಳು. ಪರದೆ ಸಿದ್ಧವಾಗಿತ್ತು, ಪಾಚಿಹಸಿರು. ಹೋತ್ಸೆಯವರ ತಾಯಿಯ ಕಾಲದ್ದು, ಟ್ರಂಕಿನಲ್ಲಿ ಉಳಿದದ್ದು. ಕಟ್ಟೆಯ ಮೇಲಿನ ಹೂದಾನಿಗಳನ್ನೂ ಆರ್ಕಿಡ್ಡನ್ನೂ ವೀಪಿ ಬೇರೆಡೆಗೆ ಸಾಗಿಸಿಯಾಗಿತ್ತು. ಗೋಡೆ ಹಳೆಯದು, ಇಟ್ಟಿಗೆಯ ಪುಡಿ ಉದುರಿ ಎರಡು ತೂತು ಹಾಳಾದವು. ‘ಎಡಕ್ಕೆ. ಇನ್ನೂ ಎಡಕ್ಕೆ. ಚಿತ್ರ ಬರೆಯೋಳಿಗೆ ಒಂದು ಗೆರೆ ನೇರ ಬರಲ್ವಲ್ಲೇ’ ಎಂದು ವೀಪಿ ಏಣಿ ಹಿಡಿದುಕೊಂಡು ಕೂಗುತ್ತಿದ್ದರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು, ಕತ್ತು ತಿರುಗಿಸಿ, ನೇರವಾಗಿ ಒಳಗೆ ನೋಡಿದರು. ಎದುರು ಮನೆಯ ಗಂಡಸು ಬಾಗಿಲಿಗೇ ಬಂದು ನಿಂತ. ವೀಪಿ ಅವನಿಗೆ ಕೈಬೀಸಿ, ಪರದೆ ಎಳೆದರು.

ಕೋಣೆ ಕತ್ತಲಾಯಿತು. ಹಿಸ್ಕೆ ಏಣಿಯ ಮೇಲಿಂದಲೇ ದೀಪದ ಗುಂಡಿ ಎಲ್ಲಿದೆಯೆಂದು ಕೇಳಿದಳು. ಇಟ್ಟಿಗೆಯ ಪುಡಿ ಗುಡಿಸಿ ಎತ್ತುವಷ್ಟರಲ್ಲಿ ಆರು ಗಂಟೆ ಹೊಡೆಯಿತು. ಊಟದ ಹೊತ್ತಿಗೆ ಪಕ್ಕದ ಮನೆಯವರು ಎದ್ದು ಹೋಗುವುದು ವಾಡಿಕೆ, ಅವಳು ಏಣಿ ಮಡಚಿದಳು. ವೀಪಿ ಅಡುಗೆಮನೆಯಲ್ಲಿ ಆಲೂಗಡ್ಡೆ ಬಸಿಯುತ್ತಿದ್ದರು. ಪಾತ್ರೆಯಲ್ಲಿ ಇಬ್ಬರಿಗೆ ಆಗುವಷ್ಟಿತ್ತು.